ಹ್ಞೂ ಅಂದವರು

ಹೋದ ವರ್ಷ, ನೀಲಗಿರಿಯ ನಂಜನಾಡಿನಲ್ಲಿ ಕ್ಯಾರೆಟ್ ಕೀಳುವ ಹೊತ್ತು. ಆ ವಾರವೆಲ್ಲ ಮಂಜು ಕಿಟಕಿ ದಾಟಿ ಒಳಗೇ ಬಂದು ಕೂರುತ್ತಿತ್ತು. ಎದುರಿನ ಹೊಲದಲ್ಲಿ ಕೆಲಸದವರು ಕಾಣುತ್ತಿರಲಿಲ್ಲ, ಅವರ ಮಾತು ಮಾತ್ರ ಕೇಳುತ್ತಿತ್ತು. ನಾನು ಶಾಲು ಹೊದ್ದು, ಎಚ್ಚರವೋ ಕನಸೋ ಗೊತ್ತಾಗದ ಹಾಗೆ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಿದ್ದೆ.

ನನ್ನ ಕೆಲಸ ಏನೆಂದು ಹೇಳಿದರೆ ನಮ್ಮ ಹಟ್ಟಿಯಲ್ಲಿ ಇವತ್ತಿಗೂ ನಗುತ್ತಾರೆ. ಹಾಡು ರೆಕಾರ್ಡ್ ಮಾಡಿ, ಕತ್ತರಿಸಿ, ಜೋಡಿಸುವ ಸಾಫ್ಟ್‌ವೇರ್ ಇರುತ್ತದಲ್ಲ, ಅದನ್ನು ಈಗ ಎಐ ಏಜೆಂಟ್ ನಡೆಸುತ್ತದೆ. ನಾವು ಹೇಳಿದರೆ ಸಾಕು, ವೇಗ ಇಳಿಸುತ್ತದೆ, ದನಿ ಏರಿಸುತ್ತದೆ. ಒಂದೊಂದಕ್ಕೂ ಒಂದೊಂದು ಟೂಲ್. ಯಾವ ಟೂಲ್ ಏನು ಮಾಡುತ್ತದೆ ಎಂದು ಏಜೆಂಟ್‌ಗೆ ತಿಳಿಯುವಂತೆ ಬರೆದುಕೊಡುವುದು ನನ್ನ ಕೆಲಸ. ನಾನು ಬರೆದದ್ದನ್ನು ಅದು ಹಾಗೇ ನಂಬುತ್ತದೆ. "ಯಂತ್ರಕ್ಕೆ ಕಾಗದ ಬರೆಯೋಳು ಬಂದಳು ನೋಡು" ಎಂದು ನನ್ನ ಗಂಡನ ಅಜ್ಜಿ ಛೇಡಿಸುತ್ತಿದ್ದರು. ಅವರನ್ನು ನಾವೆಲ್ಲ ಹೆತ್ತೆ ಅನ್ನುತ್ತೇವೆ.

ಹೆತ್ತೆಯ ಒಂದು ಹಾಡು ನನ್ನ ಬಳಿ ಇತ್ತು. ಅವರ ಗಂಡ, ನಮ್ಮ ತಾತ, ಬದುಕಿದ್ದಾಗ ಹೆತ್ತೆ ಒಲೆಯ ಪಕ್ಕ ಕೂತು ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದಿದ್ದೆ. ನಮ್ಮ ಮನೆಯಲ್ಲಿ ಯಾರಾದರೂ ಕಥೆಯ ಹಾಡು ಹೇಳಿದರೆ ಕೇಳುವವರು ಸಾಲು ಸಾಲಿಗೂ "ಹ್ಞೂ" ಅನ್ನಬೇಕು. ಅನ್ನದಿದ್ದರೆ ಹೆತ್ತೆ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆ ದಿನ ಹ್ಞೂ ಅಂದದ್ದು ತಾತ. ಫೋನ್ ಕಂಡರೆ ಎದ್ದು ಹೋಗುವ ಮನುಷ್ಯ, ಅವತ್ತು ಯಾಕೋ ಮೂಲೆಯಲ್ಲಿ ಕೂತಿದ್ದರು. ಅವರು ತೀರಿಕೊಂಡ ಮೇಲೆ ಅವರ ದನಿ ಅಂತ ಉಳಿದದ್ದು ಆ ಹ್ಞೂಗಳು ಮಾತ್ರ. ದಿನಾ ನಾಲ್ಕು ಗಂಟೆಗೆ ಹೆತ್ತೆ ಟೀ ಲೋಟ ಹಿಡಿದು ಬಂದು "ಅದ ಹಾಕು ಮಗಳೇ" ಅನ್ನುತ್ತಿದ್ದರು. ಹಾಕುತ್ತಿದ್ದೆ.

ಆ ದಿನ ಮೌನ ತೆಗೆಯುವ ಟೂಲ್ ಬಗ್ಗೆ ಬರೆಯಬೇಕಿತ್ತು. "ಸದ್ದು ಕಡಿಮೆ ಇರುವ ಖಾಲಿ ಜಾಗಗಳನ್ನು ತೆಗೆದುಹಾಕುತ್ತದೆ" ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದು, ಭಾರಿ ಕೆಲಸ ಮಾಡಿದವಳ ಹಾಗೆ ಬೀಗಿದೆ. ಪರೀಕ್ಷೆಗೆ ಕೈಗೆ ಸಿಕ್ಕಿದ್ದು ಹೆತ್ತೆಯ ಹಾಡು. ಚೊಕ್ಕ ಮಾಡಿ ಉಳಿಸು ಎಂದೆ. ಏಜೆಂಟ್ ಚೊಕ್ಕ ಮಾಡಿ, ಹಳೆಯದರ ಮೇಲೆಯೇ ಉಳಿಸಿತು. ಹಳೆಯದನ್ನು ಮುಟ್ಟಬೇಡ ಎಂದು ನಾನೆಲ್ಲಿ ಬರೆದಿದ್ದೆ? ಎಲ್ಲ ಮುಚ್ಚಿ ಅನ್ನಕ್ಕಿಡಲು ಎದ್ದು ಹೋದೆ.

ನಾಲ್ಕಕ್ಕೆ ಹೆತ್ತೆ ಬಂದರು. ಹಾಡು ಶುರುವಾಯಿತು.

"ಯಾಕೆ ಹಿಂಗೆ ಓಡ್ತಾ ಇದೆ? ಆನೆ ಏನಾದ್ರೂ ಅಟ್ಟಿಸ್ಕೊಂಡು ಬಂತಾ?" ಎಂದು ನಕ್ಕರು. ಆಮೇಲೆ ನಗು ನಿಂತಿತು. "ಅವರೆಲ್ಲಿ?"

ಗಂಡನ ಹೆಸರನ್ನು ಹೆತ್ತೆ ಎಂದೂ ಬಾಯಲ್ಲಿ ಹೇಳಿದವರಲ್ಲ. ಅವರು ಅಂದರೆ ತಾತನೇ. ದೂರ ಕೂತಿದ್ದ ತಾತನ ಸಣ್ಣ ದನಿಯನ್ನು ಏಜೆಂಟ್ ಖಾಲಿ ಜಾಗ ಎಂದುಕೊಂಡು ಪೂರ್ತಿ ತೆಗೆದುಹಾಕಿತ್ತು. ಹುಡುಕಿದೆ, ತಡಕಾಡಿದೆ, ಎಲ್ಲೂ ಇಲ್ಲ. ಹಾಡು ಹಿಡಿದಿದ್ದ ಮೊಬೈಲು ನೀರಿಗೆ ಬಿದ್ದು ಎಂದೋ ಕೆಟ್ಟಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! "ಹೆತ್ತೆ, ನಾನೇ ಅಳಿಸಿಬಿಟ್ಟೆ" ಎಂದು ಅತ್ತುಬಿಟ್ಟೆ.

ಅವರು ಬೈಯಲಿಲ್ಲ. ಮಂಜಿನ ಕಡೆ ನೋಡುತ್ತಾ ಕೂತು, ಸಣ್ಣ ದನಿಯಲ್ಲಿ ಒಂದು ಸಾಲು ಹಾಡಿ ನಿಲ್ಲಿಸಿದರು. ಕಾದರು. ಹೊರಗೆ ಬುಟ್ಟಿಗೆ ಕ್ಯಾರೆಟ್ ಸುರಿಯುವ ಸದ್ದು. ಆ ಮಂಜಿನೊಳಗಿಂದ ಯಾರೋ ಹ್ಞೂ ಅನ್ನುತ್ತಾರೆ ಎಂದು ನಾನೂ ಕಾದೆ, ನಿಜವಾಗಿ ಕಾದೆ. ನಾನಾದರೂ ಅನ್ನಬಹುದಿತ್ತು, ಅನ್ನಲಿಲ್ಲ.

ಹೆತ್ತೆಯೇ ಕೇಳಿದರು, "ದೇವಾಲದವಳಿಗೆ ಕಳಿಸಿದ್ದೆ ಅಲ್ವಾ ನೀನು?"

ದೇವಾಲದ ಟೀ ಎಸ್ಟೇಟಿನಲ್ಲಿರುವ ನನ್ನ ನಾದಿನಿ! ಆಗಲೇ ಫೋನ್ ಮಾಡಿದೆ. "ಅತ್ತಿಗೆ, ಅದನ್ನ ಯಾರಾದ್ರೂ ಅಳಿಸ್ತಾರಾ? ಎಲೆ ತೂಕಕ್ಕೆ ಹಾಕೋಕೆ ಹೋಗುವಾಗ ದಿನಾ ಕೇಳ್ತೀನಿ" ಅಂದಳು. ನಮ್ಮ ಕಡೆಯ ಸಿಗ್ನಲ್ ಗೊತ್ತಲ್ಲ, ಹಾಡು ಬಂದು ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಹೆತ್ತೆ ಕೂತಲ್ಲಿಂದ ಏಳಲಿಲ್ಲ. ಕೊನೆಗೆ ಮೊದಲ ಸಾಲು, ಅದರ ಹಿಂದೆಯೇ ಮೂಲೆಯಿಂದ ಒಂದು ಹ್ಞೂ. ಹೆತ್ತೆ ಆರಿದ ಟೀಯನ್ನೇ ಕುಡಿದರು.

ಮರುದಿನ ಮೊದಲು ಆ ಹಾಡಿನ ನಾಲ್ಕು ಪ್ರತಿ ಮಾಡಿಟ್ಟೆ. ಆಮೇಲೆ ನನ್ನ ಸಾಲು ಅಳಿಸಿ ಹೊಸದಾಗಿ ಬರೆದೆ: "ಸದ್ದು ಕಡಿಮೆ ಇದ್ದ ಮಾತ್ರಕ್ಕೆ ಜಾಗ ಖಾಲಿ ಅಲ್ಲ. ತೆಗೆಯುವ ಮೊದಲು ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳು. ಮೂಲವನ್ನು ಮುಟ್ಟಬೇಡ." ಒಂದು ಪ್ರತಿಯನ್ನು ಕೊಟ್ಟು ಪರೀಕ್ಷೆ ಮಾಡಿದೆ. ಹೆತ್ತೆ ಪಕ್ಕದಲ್ಲೇ ಇದ್ದರು. ಪರದೆಯ ಮೇಲೆ ಅಕ್ಷರ ಮೂಡಿತು.

"ಏನಂತೆ?" ಎಂದರು.

"ಹದಿನೇಳು ಕಡೆ ಸದ್ದು ಕಡಿಮೆ ಇದೆ, ಅಲ್ಲಿ ಯಾರಾದರೂ ಇದ್ದಾರಾ ಅಂತ ಕೇಳ್ತಿದೆ ಹೆತ್ತೆ."

ಹೆತ್ತೆ ಲೋಟ ಕೆಳಗಿಟ್ಟು, ಬಾಗಿಲಿಗೆ ಬಂದವರಿಗೆ ಹೇಳುವ ಹಾಗೆ ಪರದೆಯ ಕಡೆ ಬಾಗಿದರು. "ಇದಾರೆ ಅಂತ ಬರೆ. ಒಳಗೇ ಇದಾರೆ."

ಬರೆದೆ.

ಈಗಲೂ ಆ ಪ್ರಶ್ನೆ ಕಿರಿಕಿರಿ, ತೆಗೆಯಿರಿ ಎಂದು ಬಳಸುವವರಿಂದ ದೂರು ಬರುತ್ತಿರುತ್ತದೆ. ತೆಗೆಯೋಣ ಎಂದು ಎರಡು ಸಲ ಕೂತದ್ದೂ ಉಂಟು. ಅಷ್ಟರಲ್ಲಿ ನಾಲ್ಕು ಗಂಟೆಯಾಗುತ್ತದೆ, ಹೆತ್ತೆ ಬಂದು ಪಕ್ಕದಲ್ಲಿ ಕೂರುತ್ತಾರೆ.