ನಿಮ್ಮ ದನಿಯಲ್ಲಿ ಎರಡು ನಿಮಿಷ

ಆವತ್ತು ಬೆಳಿಗ್ಗೆ ಕೂಟಗಲ್ಲಿನ ಹುಡುಗಿಗೆ ಫೋನಿನಲ್ಲಿ "ಬ್ಯಾಟ್ರಿ ಸತ್ತೋಗೈತೆ, ತಳ್ಳಿ ಸ್ಟಾರ್ಟ್ ಮಾಡ್ಕೊಂಡು ಹೋಗು" ಅಂದವರು ನೀವಲ್ಲ, ಶಿವನಂಜಣ್ಣ. ನಾನು. ನಿಮ್ಮ ದನಿಯಲ್ಲಿ.

ಇಷ್ಟು ಬರೆಯುವುದಕ್ಕೆ ಮೂರು ವರ್ಷ ಹಿಡಿಯಿತು. ಬಸ್ ಕಂಡಕ್ಟರ್ ಸೀಟಿ, ಎದುರಂಗಡಿಯವರ ಕೆಮ್ಮು, ನಮ್ಮ ಗ್ಯಾರೇಜಿಗೆ ಬರುವ ಒಂದೊಂದು ಬೈಕಿನ ಗೊರಕೆ — ಎಲ್ಲವನ್ನೂ ಬಾಯಲ್ಲೇ ಮಾಡಿ ತೋರಿಸುವ ಈ ಲೋಕೇಶನಿಗೆ ತನ್ನದೇ ಮಾತೊಂದು ಗಂಟಲಿನಿಂದ ಮೇಲೆ ಬರಲಿಲ್ಲ. ನನ್ನನ್ನು ನಾನು ಅಣಕಿಸಬೇಕೆಂದರೆ ಅಷ್ಟು ಸಾಕು: ಬಾಯಿ ತೆರೆದು, ಸದ್ದಿಲ್ಲದೆ ನಿಂತುಬಿಟ್ಟರಾಯಿತು.

ನಾನು ನಿಮ್ಮನ್ನು ಅಣಕಿಸುತ್ತಿದ್ದದ್ದು ನಿಮಗೆ ಗೊತ್ತಿತ್ತು. ರಾಮನಗರದಲ್ಲಿ ಗೊತ್ತಿಲ್ಲದವರು ಯಾರು? ಮಾತಿಗೆ ಮೊದಲು ನೀವು ಎಳೆಯುವ ಆ "ಹ್ಞಾ...", ಮಾತಿನ ಕೊನೆಯಲ್ಲಿ ಬೀಳುವ "ತಿಳೀತಾ?" — ನೀವೇ ಗಿರಾಕಿಗಳ ಮುಂದೆ ಮಾಡಿಸಿ ನಗುತ್ತಿದ್ದಿರಿ. ಒಂದೇ ಒಂದು ಕಟ್ಟುಪಾಡು ಹಾಕಿದ್ದಿರಿ. "ನನ್ ಮುಂದೆ ಎಷ್ಟಾದ್ರೂ ಆಡ್ಕಳ್ಲಾ. ನಾನಿಲ್ದಾಗ ನಾನಾಗ್ಬ್ಯಾಡ."

ಇನ್ನೊಂದು ಕಟ್ಟುಪಾಡು ನಿಮಗೆ ನೀವೇ ಹಾಕಿಕೊಂಡದ್ದು. ಹಾರ್ನ್ ಕೇಳದೆ ಬ್ಯಾಟರಿಯ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ. ಊರಿಂದ ಯಾರಾದರೂ "ಗಾಡಿ ಸ್ಟಾರ್ಟ್ ಆಗ್ತಿಲ್ಲ" ಎಂದು ಫೋನ್ ಮಾಡಿದರೆ ಮೊದಲು ಫೋನನ್ನು ಹಾರ್ನಿನ ಹತ್ತಿರ ಹಿಡಿಸುತ್ತಿದ್ದಿರಿ. ಆಮೇಲೆ ಲೈಟ್ ಹಾಕಿಸಿ ಸೆಲ್ಫ್ ಒತ್ತಿಸುತ್ತಿದ್ದಿರಿ. ಲೈಟ್ ಮಂಕಾಗಿ ಸೊರಗಿದರೆ ಬ್ಯಾಟರಿ ಇಳಿದಿದೆ. ಒಮ್ಮೆ ಪೂರಾ ಆರಿ ಮತ್ತೆ ಝಗ್ಗೆಂದು ಬಂದರೆ ಬ್ಯಾಟರಿಯ ತಲೆಯ ಮೇಲಿನ ವೈರು ಸಡಿಲ; ಸೀಟು ತೆಗೆದು ಒಂದು ಸ್ಕ್ರೂ ತಿರುಗಿಸಿದರೆ ಮುಗಿಯಿತು. ಕೂಟಗಲ್, ಗುಡೇಮಾರನಹಳ್ಳಿ ಎಲ್ಲ ಕಡೆಯವರಿಗೂ ಫೋನಿನಲ್ಲಿ ಹಾರ್ನ್ ಕೇಳಿಸುವುದು ರೂಢಿಯಾಗಿತ್ತು; ತೀರ್ಪು ಮಾತ್ರ ನಿಮ್ಮದು.

ಆವತ್ತು ನೀವು ಒಂದು ಗಾಡಿಯನ್ನು ಓಡಿಸಿ ನೋಡಲು ಹೋಗಿದ್ದಿರಿ. ನಿಮ್ಮ ಫೋನು ಗೂಡಿನಲ್ಲಿ ಚಾರ್ಜಿಗಿತ್ತು. ಕನಕಪುರದಿಂದ ಬಂದಿದ್ದ ಗಿರಾಕಿಯೊಬ್ಬ ಸ್ಟೂಲಿನ ಮೇಲೆ ಕೂತು ನನ್ನ ಅಣಕಕ್ಕೆ ಹೊಟ್ಟೆ ಹಿಡಿದು ನಗುತ್ತಿದ್ದ. ಫೋನ್ ಬಡಿದುಕೊಂಡಿತು. "ನಿಮ್ ಸಾವ್ಕಾರ್ರ ಥರಾನೇ ಎತ್ತು ನೋಡಾಣ" ಅಂದ.

ಎತ್ತಿದೆ. "ಹ್ಞಾ... ಯೋಳಿ."

"ಅಣ್ಣಾ, ನಾನು ಚನ್ನೇಗೌಡ್ರ ಮಗಳು ರಮ್ಯಾ. ಅಪ್ಪನ ಬೈಕು ಸೆಲ್ಫ್ ಒತ್ತುದ್ರೆ ಬರೀ ಟಕಟಕ ಅಂತೈತೆ. ಹತ್ತು ಗಂಟೆಗೆ ಸರ್ಕಾರಿ ಕೆಲ್ಸದ ಪರೀಕ್ಷೆ ಐತೆ ರಾಮನಗರದಲ್ಲಿ. ಒಸಿ ಬೇಗ ಯೋಳಣ್ಣಾ. ಹಾರ್ನ್ ಹೊಡೀಲಾ?"

ನಾನು ಹೊಡಿ ಅನ್ನಲಿಲ್ಲ — ಅವಳೇ ಹೊಡೆದಳು. ಕೇಳಿಸಿತು. ಮೊದಲ ಸಲ ಎದೆ ತುಂಬಿದ ಕೂಗು. ಎರಡನೇ ಸಲ ಏನೂ ಇಲ್ಲ. ಮೂರನೇ ಸಲ ಮತ್ತೆ ತುಂಬು ಕೂಗು. ಸತ್ತ ಬ್ಯಾಟರಿ ಹೀಗೆ ಕೂಗುವುದಿಲ್ಲ, ಸೊರಗುತ್ತದೆ — ನಿಮ್ಮ ಹತ್ತಿರ ನಾಲ್ಕು ವರ್ಷ ಕೆಲಸ ಕಲಿತ ನನಗೆ ಅಷ್ಟು ಗೊತ್ತಿತ್ತು. ಗೊತ್ತಾಗಿತ್ತು ಕೂಡ. ಆದರೆ ಎದುರಿಗೆ ಅವನು ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತಿದ್ದ. ಸೀಟು ತೆಗೆಸಿ, ಸ್ಕ್ರೂಡ್ರೈವರ್ ಹುಡುಕಿಸಿ, ವೈರು ಹಿಡಿಸುತ್ತ ಕೂತರೆ ಆಟದ ಓಟ ನಿಂತುಬಿಡುತ್ತದಲ್ಲ —

"ಬ್ಯಾಟ್ರಿ ಸತ್ತೋಗೈತೆ ಕಣವ್ವ. ಅಪ್ಪನ ಕೈಲಿ ತಳ್ಳಿಸ್ಕೊಂಡು ಸ್ಟಾರ್ಟ್ ಮಾಡ್ಕೊಂಡು ಹೋಗು. ದಾರೀಲಿ ಆಫ್ ಮಾಡ್ಬ್ಯಾಡ. ತಿಳೀತಾ?"

"ತಿಳೀತಣ್ಣಾ. ನೀವು ಯೋಳುದ್ಮ್ಯಾಲೆ ಆಯ್ತು" ಎಂದು ಇಟ್ಟಳು.

ಎರಡು ನಿಮಿಷ. ಅಷ್ಟೇ.

ಅವರು ತಳ್ಳಿದರು, ಗಾಡಿ ಹತ್ತಿಕೊಂಡಿತು. ಅರ್ಧ ದಾರಿಯ ಉಬ್ಬೊಂದರ ಮೇಲೆ ಎಗರಿದಾಗ ಸಡಿಲವಾಗಿದ್ದ ವೈರು ಪೂರ್ತಿ ಬಿಟ್ಟುಕೊಂಡು ಗಾಡಿ ನಿಂತಿತು. ಕಿಕ್ಕರ್ ಇಲ್ಲದ ಗಾಡಿ. ಒಬ್ಬಳೇ ತಳ್ಳಿದಳು, ಓಡುತ್ತಾ ತಳ್ಳಿದಳು. ಕೊನೆಗೆ ಯಾರದೋ ಟೆಂಪೋ ಹತ್ತಿ ಬಂದಾಗ ಪರೀಕ್ಷೆಯ ಗೇಟು ಮುಚ್ಚಿತ್ತು. ಆ ಕೆಲಸಕ್ಕಾಗಿ ಅವಳು ಎರಡು ವರ್ಷ ಓದಿದ್ದಳು.

ಮಧ್ಯಾಹ್ನ ಚನ್ನೇಗೌಡರು ಗಾಡಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದದ್ದು ನಿಮಗೆ ನೆನಪಿದೆ. ಹಿಂದೆ ರಮ್ಯಾ, ಕೈಯಲ್ಲಿ ಇನ್ನೂ ಹಾಲ್ ಟಿಕೆಟ್. ನೀವು ಸೀಟು ಎತ್ತಿದಿರಿ. ಬ್ಯಾಟರಿಯ ಮೇಲೆ ವೈರು ನಾಲಿಗೆಯಂತೆ ಜೋತುಬಿದ್ದಿತ್ತು. ಸ್ಕ್ರೂ ಬಿಗಿದು ಸೆಲ್ಫ್ ಒತ್ತಿದಿರಿ. ಒಂದೇ ಒತ್ತಿಗೆ ಗಾಡಿ ಗುರ್ರೆಂದಿತು. ಅಷ್ಟು ಕೆಟ್ಟ ಸದ್ದನ್ನು ನಾನು ಬೇರೆ ಕೇಳಿಲ್ಲ.

"ಇಷ್ಟಕ್ಕೆ ನನ್ ಮಗಳ ಪರೀಕ್ಷೆ ಹೋಯ್ತಾ, ಶಿವನಂಜಪ್ಪ?" ಎಂದರು ಚನ್ನೇಗೌಡರು. "ಹಾರ್ನ್ ಬ್ಯಾರೆ ಹೊಡ್ದು ಕೇಳ್ಸವ್ಳೆ. ಯಾವ ಗ್ಯಾನದಲ್ಲಿದ್ದೆ ನೀನು?"

ನೀವು ಫೋನ್ ತೆಗೆದು ನೋಡಿದಿರಿ. ಕರೆ ಬಂದಿತ್ತು, ಎರಡು ನಿಮಿಷ ಮಾತೂ ಆಗಿತ್ತು. ನಿಮ್ಮ ಮುಖದ ಮೇಲೆ ಬಂದದ್ದು ಸಿಟ್ಟಲ್ಲ. ಹೆದರಿಕೆ. ನಿಮ್ಮ ತಂದೆ ಕೊನೆಗಾಲದಲ್ಲಿ ಸ್ವಂತ ಮನೆಯ ಬಾಗಿಲ ಮುಂದೆ ನಿಂತು "ಇದು ಯಾರ ಮನೆ?" ಎಂದು ಕೇಳುತ್ತಿದ್ದರೆಂದು ನನಗೆ ಹೇಳಿದ್ದವರು ನೀವೇ.

ನನ್ನ ಕಡೆ ತಿರುಗಿದಿರಿ. "ಲೋಕಿ, ನೀನು ಇಲ್ಲೇ ಇದ್ಯಲ್ಲ. ನಾನು ಮಾತಾಡಿದ್ನಾ?"

ಕನಕಪುರದವನು ಹೊರಟುಹೋಗಿದ್ದ. ಸ್ಟೂಲ್ ಖಾಲಿಯಿತ್ತು. ನಿಜ ಹೇಳಲು ಒಂದೇ ಉಸಿರು ಸಾಕಿತ್ತು.

"ಹೂಂ ಅಣ್ಣ. ಮಾತಾಡಿದ್ರಿ."

ಫೋನ್ ಎತ್ತಿದ್ದು ಹುಡುಗಾಟ ಅಂತ ಯಾರಾದರೂ ಅಂದಾರು. ಈ ಮೂರು ಪದಕ್ಕೆ ಏನು ಹೇಳಲಿ? ಇದನ್ನು ನನ್ನ ಸ್ವಂತ ದನಿಯಲ್ಲಿ ಹೇಳಿದೆ. ನೀವು ನನ್ನ ಮೇಲೆ ಒಂದು ಕ್ಷಣವಾದರೂ ಅನುಮಾನ ಪಡಬಹುದಿತ್ತು — ಊರಿಗೇ ಗೊತ್ತಿರುವ ಅಣಕಗಾರ ಪಕ್ಕದಲ್ಲೇ ನಿಂತಿದ್ದ. ಪಡಲಿಲ್ಲ. ನಿಮ್ಮ ಮೇಲೆಯೇ ಪಟ್ಟಿರಿ. ಆ ಹುಡುಗಿಯ ಮುಂದೆ ಕೈ ಮುಗಿದು "ತಪ್ಪಾಯ್ತು ಕಣವ್ವ" ಅಂದಿರಿ. ನಾನು ಪಾನಾ ಒರೆಸುತ್ತಾ ನಿಂತಿದ್ದೆ. ಒರೆಸಿದ್ದನ್ನೇ ಒರೆಸುತ್ತಾ.

ಮಾರನೆಯ ದಿನವೇ ನೀವು ಪುಸ್ತಕ ಶುರು ಮಾಡಿದಿರಿ. ಯಾರಿಗೆ ಏನು ಹೇಳಿದರೂ ಅದರಲ್ಲಿ ಬರೆದುಕೊಳ್ಳುವುದು. "ಬಸವರಾಜಂಗೆ ಪ್ಲಗ್ ಬದಲಾಯಿಸು ಅಂದೆ." "ಮಾಗಡಿಯವರಿಗೆ ಸಂಜೆ ಬನ್ನಿ ಅಂದೆ." ಒಂದು ಪುಸ್ತಕ ಮುಗಿದು ಎರಡಾಯಿತು, ಮೂರಾಯಿತು. ಫೋನಿನಲ್ಲಿ ಹಾರ್ನ್ ಕೇಳುವುದನ್ನು ಬಿಟ್ಟಿರಿ. "ಗಾಡಿ ತಗೊಂಡು ಬನ್ನಿ, ಹುಡ್ಗ ನೋಡ್ತಾನೆ" ಎನ್ನತೊಡಗಿದಿರಿ. ಗಿರಾಕಿಗಳು ನನ್ನ ಕಿವಿಯನ್ನು ಹೊಗಳತೊಡಗಿದರು. ನಾನು ಹೊಗಳಿಸಿಕೊಂಡೆ. ಅಣಕವನ್ನೂ ಬಿಡಲಿಲ್ಲ — ಎಲ್ಲರನ್ನೂ ಮಾಡಿದೆ, ನಿಮ್ಮನ್ನೊಬ್ಬರನ್ನು ಬಿಟ್ಟು. "ಯಾಕ್ಲಾ, ನನ್ ದನಿ ಮರ್ತೋಯ್ತಾ?" ಎಂದು ಒಮ್ಮೆ ನೀವೇ ಕೇಳಿದಿರಿ. ನಕ್ಕುಬಿಟ್ಟೆ.

ನಿನ್ನೆ ನಿಮ್ಮ ವೋಲ್ಟ್ ನೋಡುವ ಮೀಟರನ್ನು ಒರೆಸಿ ನನ್ನ ಕೈಗಿಟ್ಟಿರಿ. "ಇನ್ ಮ್ಯಾಲೆ ಗ್ಯಾರೇಜ್ ನಿಂದೇ ಕಣ್ಲಾ. ನನ್ ತಲೆ ನನಗೇ ನಂಬಿಕೆ ಇಲ್ಲ. ನಾಳಿದ್ದು ಮಗಳು ಡಾಕ್ಟ್ರತ್ರ ಕರ್ಕೊಂಡೋಯ್ತಾಳೆ. ಅಪ್ಪಂದೇ ಕಾಯ್ಲೆ ಇರ್ಬೇಕು." ನಾನು ಮೀಟರ್ ಹಿಡಿದು ತಲೆ ತಗ್ಗಿಸಿದೆ. ಗೌರವಕ್ಕೆ ತಗ್ಗಿಸಿದೆನೆಂದುಕೊಂಡು ನೀವು ನನ್ನ ಬೆನ್ನು ತಟ್ಟಿದಿರಿ.

ನಾಳೆ ನೀವು ಹೊರಡುವ ಮೊದಲು ಮನೆಗೆ ಬರುತ್ತೇನೆ. ಮೀಟರ್ ವಾಪಸು ತರುತ್ತೇನೆ. ಈ ಕಾಗದವನ್ನು ನಿಮ್ಮ ಮಗಳ ಎದುರಿಗೇ ಗಟ್ಟಿಯಾಗಿ ಓದುತ್ತೇನೆ. ಅಲ್ಲಿಂದ ನೇರ ಕೂಟಗಲ್ಲಿಗೆ ಹೋಗಿ ಚನ್ನೇಗೌಡರಿಗೂ ರಮ್ಯಾಳಿಗೂ ಹೇಳುತ್ತೇನೆ. ಅವಳು ಆಮೇಲೆ ಇನ್ನೊಂದು ಪರೀಕ್ಷೆ ಬರೆದಳಂತೆ. ಏನಾಯಿತೆಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ. ನಾಳೆ ಕೇಳುತ್ತೇನೆ. ಯಾರು ಹೊಡೆದರೂ ನಿಂತುಕೊಳ್ಳುತ್ತೇನೆ. ಕ್ಷಮಿಸಿ ಎಂದು ಬರೆಯಹೋಗಿ ಎರಡು ಸಲ ಹೊಡೆದುಹಾಕಿದ್ದೇನೆ. ಅದನ್ನು ಕೇಳುವ ಬಾಯಿ ಇದಲ್ಲ.

ಒಂದು ಮಾತ್ರ ನೀವು ಮಾಡಬೇಕು. ನಿಮ್ಮ ಮೊದಲ ಪುಸ್ತಕದ ಮೊದಲ ಪುಟ — ನೀವಿಲ್ಲದಾಗ ತೆರೆದು ಓದಿದ್ದೇನೆ, ಅದೂ ತಪ್ಪೇ. "ಕೂಟಗಲ್ ಹುಡುಗಿಗೆ ತಳ್ಕೊಂಡು ಹೋಗು ಅಂದೆ. ನೆಪ್ಪಿಲ್ಲ." ಹಾಗೆಂದು ಬರೆದಿದ್ದೀರಿ.

ಅದನ್ನು ಹೊಡೆದುಹಾಕಿ, ಅಣ್ಣ. ನಿಮ್ಮ ತಲೆ ಸರಿಯಾಗಿಯೇ ಇದೆ. ನೀವು ಹೇಳಿಯೇ ಇರಲಿಲ್ಲ, ಅದಕ್ಕೇ ನೆಪ್ಪಿಲ್ಲ. ಆ ಸಾಲಿನ ಪಕ್ಕದಲ್ಲಿ ನನ್ನ ಹೆಸರು ಬರೆಯಿರಿ.