ಯಾವ ದಾಳಿ ದೊಡ್ಡದು

ಜರ್ಮನಿಯ ಯುದ್ಧ ಶುರುವಾದ ಮೇಲೆ ಮೊಳಕಾಲ್ಮೂರಿಗೆ ರೇಷ್ಮೆ ನೂಲು ಬರುವುದು ಕಡಿಮೆಯಾಯಿತು. ಅಪ್ಪನ ಮಗ್ಗ ಹೇಗೋ ನಡೆಯಿತು, ಅಣ್ಣನದು ನಿಂತಿತು. ಮದುವೆಯಾಗಿ ವರ್ಷ ತುಂಬಿರದ ಅಣ್ಣ, ದಂಡಿನ ಕುದುರೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಹಡಗು ಹತ್ತಿದ. "ಕುದುರೆ ಕಾಯೋನ್ನ ಯಾರು ಹೊಡೀತಾರವ್ವ?" ಎಂದು ಹೇಳಿ ಹೋಗಿದ್ದ.

ನಮ್ಮ ಬೀದಿಯ ಶಾಲೆ ಮೇಷ್ಟ್ರಿಗೆ ಪತ್ರಿಕೆ ಬರುತ್ತಿತ್ತು. ವಾರಕ್ಕೊಮ್ಮೆ ಸಂಜೆ ಜಗಲಿಯಲ್ಲಿ ಕೂತು ಓದಿ ಹೇಳುತ್ತಿದ್ದರು. ಅವ್ವ, ಅತ್ತಿಗೆ, ನಾನು ಕಂಬದ ಪಕ್ಕ ನಿಂತು ಕೇಳುತ್ತಿದ್ದೆವು. ಮೇಷ್ಟ್ರು ಒಳ್ಳೆಯವರೇ. ಆದರೆ ಒಂದು ದಾಳಿಯನ್ನು ಇನ್ನೊಂದರ ಪಕ್ಕ ಇಟ್ಟು ತೂಗುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಫ್ರಾನ್ಸಿನಲ್ಲಿ ಒಂದೇ ಬೆಳಗ್ಗೆ ನಮ್ಮೂರಿನಂಥ ಎಷ್ಟು ಊರುಗಳ ಜನ ಹೋದರೆಂದು ಹೇಳುವರು. ವಿಷದ ಹೊಗೆಗಿಂತ ಫಿರಂಗಿಯೇ ಹೆಚ್ಚು ಜನರನ್ನು ತಿನ್ನುತ್ತದೆ ಎಂದು ವಿವರಿಸುವರು. ಅವ್ವ ಪ್ಲೇಗಿನ ವರ್ಷ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದವಳು. ಸಾವನ್ನು ಅಳೆಯಲು ಅವಳಿಗೆ ಅದೊಂದೇ ಗೊತ್ತು. "ಪ್ಲೇಗಿಗಿಂತ ಜಾಸ್ತಿನಾ ಸ್ವಾಮಿ?" ಎಂದು ಕೇಳುವಳು. ಅವರು ಹೌದೆಂದ ದಿನ ಅವಳು ಊಟ ಮುಟ್ಟುತ್ತಿರಲಿಲ್ಲ.

ಅಣ್ಣನಿದ್ದ ಮರಳುಗಾಡಿನ ದಾಳಿಗಳು ಇವುಗಳ ಮುಂದೆ ಏನೂ ಅಲ್ಲ ಎಂದು ಮೇಷ್ಟ್ರೇ ಧೈರ್ಯ ಹೇಳುತ್ತಿದ್ದರು. ಅತ್ತಿಗೆ ಆ ಮಾತನ್ನು ಹಿಡಿದುಕೊಂಡೇ ದಿನ ದೂಡುತ್ತಿದ್ದಳು. ಸಾಯುವವರು ಫ್ರಾನ್ಸಿನಲ್ಲೇ ಸಾಯಲಿ ಎಂದು ನಾನು ಬೇಡಿಕೊಂಡದ್ದುಂಟು. ಈಗ ಹೇಳಲು ನಾಚಿಕೆಯಾಗುತ್ತದೆ.

ಸಾವಿನ ಕಾಗದ ಬಂದಾಗ ಓದಿದವರೂ ಮೇಷ್ಟ್ರೇ. ಅದರಲ್ಲಿದ್ದ ದಿನ ನೋಡಿ ಹಳೆಯ ಪತ್ರಿಕೆಗಳನ್ನೆಲ್ಲ ತಿರುವಿದರು. ಆ ದಿನ ಅಲ್ಲಿ ದಾಳಿಯಾದ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಾಗಾದರೆ ಕಾಗದವೇ ತಪ್ಪು ಎಂದು ಅತ್ತಿಗೆ ಹಟ ಹಿಡಿದಳು. ಬಳೆ ತೆಗೆಯಲು ಒಪ್ಪಲಿಲ್ಲ.

ಕೆಲವು ತಿಂಗಳ ಮೇಲೆ, ಅಣ್ಣನ ದಂಡಿನಲ್ಲೇ ಇದ್ದ ಒಬ್ಬ ಚಳ್ಳಕೆರೆಗೆ ಮರಳಿದ್ದಾನೆಂದು ಕೇಳಿ ಅಪ್ಪ ಅತ್ತಿಗೆಯನ್ನೂ ನನ್ನನ್ನೂ ಗಾಡಿಯಲ್ಲಿ ಕರೆದುಕೊಂಡು ಹೋದರು. ಆತನ ಒಂದು ಕೈ ಇರಲಿಲ್ಲ. ನಮ್ಮನ್ನು ಕೂರಿಸಿ, ನೆಲ ನೋಡುತ್ತ ಮಾತಾಡಿದ.

"ಅವತ್ತು ದೊಡ್ಡದೇನೂ ಆಗ್ಲಿಲ್ಲ ತಾಯಿ. ಕುದುರೆಗೆ ನೀರು ಕುಡಿಸೋ ಕಡೆ ಫಿರಂಗಿದು ಒಂದೇ ಒಂದು ಗುಂಡು ಬಿತ್ತು. ಸತ್ತೋರು ಇಬ್ರೇ."

ಅತ್ತಿಗೆ, "ಇನ್ನೊಬ್ರು ಯಾರು?" ಎಂದಳು.

ಆತನಿಗೆ ಗೊತ್ತಿರಲಿಲ್ಲ. ಸತ್ತ ಆ ಇನ್ನೊಬ್ಬ ಹಿಂದಿನ ದಿನವಷ್ಟೇ ಬಂದು ಸೇರಿದವನಂತೆ, ಅವನ ಹೆಸರನ್ನೂ ಯಾರೂ ಕೇಳಿರಲಿಲ್ಲವಂತೆ. ಅದನ್ನು ಕೇಳಿ ಅತ್ತಿಗೆ ಮೊದಲ ಸಲ ಅತ್ತಳು. ದಾರಿಯುದ್ದಕ್ಕೂ ಅತ್ತಳು.

ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಏನಂದ ಎಂದು ಕೇಳಿದಾಗ, ದೊಡ್ಡದೇನೂ ಆಗದ ದಿನ ಮಗ ಹೋದನೆಂದು ಹೇಳಲಾರದೆ ಅಪ್ಪ, ಭಾರೀ ದಾಳಿಯಂತೆ, ಲೆಕ್ಕವಿಲ್ಲದಷ್ಟು ಜನ ಹೋದರಂತೆ ಎಂದರು. ನಾವಿಬ್ಬರೂ ಅದನ್ನು ತಿದ್ದಲಿಲ್ಲ.