ಕೌದಿಯ ಕೆಳಗಿನ ಇರುಳು

ಮುದ್ದೇಬಿಹಾಳದ ನಮ್ಮ ಮನೆಯಲ್ಲೊಂದು ಕೌದಿಯಿದೆ, ಹಳೆಯ ಇಳಕಲ್ ಸೀರೆಗಳನ್ನು ಪದರಪದರವಾಗಿ ಹಾಸಿ ಅವ್ವ ಹೊಲಿದದ್ದು. ಅದರ ಅಂಚು ಕೆಂಪಿತ್ತೆಂದು ನನ್ನ ನೆನಪು, ಹಸಿರಿತ್ತೆಂದು ವೈನಿಯ ಹಟ. ಒಗೆದೊಗೆದು ಎರಡೂ ಅಲ್ಲದ ಬಣ್ಣಕ್ಕೆ ತಿರುಗಿರುವ ಅದರ ಮುಂದೆ ಇಬ್ಬರೂ ಸೋತವರೇ. ಆದ್ದರಿಂದ ಗೆಳೆಯರೇ, ಮುಂದಿನದನ್ನೂ ತುಸು ಅನುಮಾನ ಬೆರೆಸಿಯೇ ಓದಿ.

ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ದೀಪಾವಳಿಯ ಹೊತ್ತಿಗೆ ತಾಳಿಕೋಟೆಯಿಂದ ಹ್ಯಾಮ್‌ಸ್ಟರ್ ಜೋಡಿಯೊಂದನ್ನು ತಂದಿದ್ದರು. ಗಲ್ಲದ ತುಂಬ ಜೋಳ ತುಂಬಿಕೊಳ್ಳುವ, ಬಾಲವಿದೆಯೋ ಇಲ್ಲವೋ ಎಂಬಂಥ ಗೋಧಿಬಣ್ಣದ ಎಳೆಯ ಇಲಿಗಳು. ಸಂಕ್ರಾಂತಿ ಬಂದರೂ ಮರಿಯಿಲ್ಲ. ಜೊತೆಗೆ ಬಿಟ್ಟರೆ ಹೆಣ್ಣು ಗಂಡನ್ನು ಕಚ್ಚಲು ಹೋಗುತ್ತಿದ್ದರಿಂದ ಎರಡನ್ನೂ ಬೇರೆಬೇರೆ ಪಂಜರಗಳಲ್ಲಿ ಇಟ್ಟಿದ್ದೆವು.

"ಬಂಜಿ ಇಲಿ ಇದು. ಸಂತಿ ದಿನಾ ಒಯ್ದು ಕೊಟ್ಟು ಬ್ಯಾರೇದ ತಗೊಂಡ ಬಾ," ಎಂದಳು ಅವ್ವ.

ವೈನಿ ಕಾಳಿನ ಡಬ್ಬಿ ಎತ್ತಿಕೊಂಡರು. ಮಗಳು ಹುಟ್ಟುವ ಮೊದಲಿನ ವರ್ಷಗಳಲ್ಲಿ ಅದೇ ಮಾತು ಅದೇ ಬಾಯಿಂದ ಅವರ ಕಡೆಗೂ ಬಂದಿತ್ತು. ಆಮೇಲೆ ಕಾಳು ಹಾಕುತ್ತ, "ಇದನ್ನ ನಾ ಎಲ್ಲಿಗೂ ಕಳಸಂಗಿಲ್ರಿ ಅತ್ತಿ," ಎಂದರು.

"ಕಳಸಬ್ಯಾಡ. ದೇವರ ಜಗಲಿ ಮ್ಯಾಲೆ ಇಟ್ಟು ಪೂಜಿ ಮಾಡು!"

ಆಗ ನನ್ನ ಕಣ್ಣಿಗೆ ಬಿದ್ದದ್ದು ಆ ಕೌದಿ. ಚಳಿಗೂ ಬೆಕ್ಕಿಗೂ ಹೆದರಿ, ಮಧ್ಯಾಹ್ನದ ಚಹಾ ಮುಗಿದೊಡನೆ ಅವ್ವ ಅದನ್ನು ಪಂಜರಗಳಿಗೆ ಹೊದಿಸುತ್ತಿದ್ದಳು. ಮರುದಿನ ರೊಟ್ಟಿ ಬಡಿದಾದ ಮೇಲೆಯೇ ತೆಗೆಯುವುದು. ಅಷ್ಟು ಅಕ್ಕರೆಯಿಂದ ಆ ಜೀವಗಳ ಹಗಲನ್ನು ಕತ್ತರಿಸುತ್ತಿದ್ದಳು.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಈಗ ಮೈ ಜುಮ್ಮೆನ್ನಿಸಿತು. ಇಲಿಯ ಪುಟ್ಟ ಮಿದುಳಿನಲ್ಲಿ, ನೆತ್ತಿಯೆಲುಬಿನ ಅಡಿಯಲ್ಲೇ, ಕಾಳಿನಂಥ ಪೀನಿಯಲ್ ಗ್ರಂಥಿಯಿದೆ. ಬೆಳಕನ್ನು ಅದು ತಾನಾಗಿ ಕಾಣದು. ಕಣ್ಣು ಕಂಡದ್ದು ನರಗಳ ಸುತ್ತುದಾರಿ ಹಿಡಿದು ಅದನ್ನು ಮುಟ್ಟುತ್ತದೆ. ಕತ್ತಲಾದರೆ ಮೆಲಟೋನಿನ್ ಎಂಬ ಹಾರ್ಮೋನನ್ನು ನೆತ್ತರಿಗೆ ಬಿಡುತ್ತದೆ, ಬೆಳಕು ಬಿದ್ದರೆ ತಡೆಯುತ್ತದೆ. ಇರುಳು ಬೆಳೆದಷ್ಟೂ ಆ ಒಸರೂ ಬೆಳೆಯುತ್ತದೆ. ಅದನ್ನೇ ಅಳೆದು ಹ್ಯಾಮ್‌ಸ್ಟರಿನ ದೇಹ, ಇದು ಚಳಿಗಾಲ, ಮರಿಗೆ ಕಾಲವಲ್ಲವೆಂದರಿತು, ಬಸಿರಿಗೆ ಬೇಕಾದ ಹಾರ್ಮೋನುಗಳನ್ನು ತಗ್ಗಿಸಿ ಕಾಯುತ್ತದೆ. ಆ ಕಾಯುವಿಕೆಗೆ ನಾವಿಟ್ಟ ಹೆಸರು ಎಷ್ಟು ಒರಟು!

ಇದನ್ನೆಲ್ಲ ಹೇಳಿದರೆ ಅವ್ವ ನಕ್ಕಳು: "ನಿನ್ನ ಕಾಲೇಜು ಇಲಿಗೂ ದೀಪಾ ಹಚ್ಚಾಕ ಹೇಳತೈತೇನು?" ವೈನಿ ಮಾತ್ರ ಪಂಜರಗಳನ್ನು ಕಿಟಕಿಯ ಬಳಿಗೆ ಸರಿಸಿ, ರಾತ್ರಿಯೂಟದ ಹೊತ್ತಿನವರೆಗೂ ಕೌದಿ ಹೊದಿಸಗೊಡದೆ ದೀಪ ಉರಿಸತೊಡಗಿದರು.

ಮತ್ತೆ ಜೊತೆಗೆ ಬಿಟ್ಟಾಗ ಹೆಣ್ಣು ಕಚ್ಚಲಿಲ್ಲ; ಯುಗಾದಿ ಕಳೆದ ಮೇಲೆ ಹತ್ತಿ ಹಿಂಜಿ ಗೂಡು ಕಟ್ಟಿತು. ಒಳಗೆ ನಸುಗೆಂಪು ಮರಿಗಳು. ನಾನೇ ಬೆಳಕು ಕೊಟ್ಟವನೆಂದು ಹಿಗ್ಗಿದೆ. ಆದರೆ ತಿಂಗಳುಗಟ್ಟಲೆ ಕತ್ತಲಲ್ಲಿಟ್ಟರೂ ಅವು ಕೊನೆಗೊಮ್ಮೆ ತಾವಾಗಿಯೇ ಬಸಿರಿಗೆ ಎಚ್ಚರಗೊಳ್ಳುತ್ತವೆಂಬುದೂ ಅದೇ ಪಾಠದಲ್ಲಿತ್ತಲ್ಲ! ನಮ್ಮ ದೀಪವೋ, ಅವುಗಳೊಳಗಿನ ವಸಂತವೋ, ಈಗಲೂ ತಿಳಿಯದು. ಕೆಲವು ಜಾತಿಗಳಲ್ಲಂತೂ ಗರ್ಭದ ಮರಿಗೂ ತಾಯಿಯ ಮೆಲಟೋನಿನ್ನೇ ಹೊರಗಿನ ಹಗಲಿನ ಉದ್ದವನ್ನು ತಿಳಿಸುತ್ತದೆ. ಸೂರ್ಯನನ್ನು ಕಾಣದ ಜೀವಕ್ಕೆ ಸೂರ್ಯನ ಸುದ್ದಿ, ಅದೂ ಇರುಳಿನ ಕೈಯಲ್ಲಿ!

"ಕಣ್ಣ ತೆರದಿಲ್ಲ. ಹಗಲು ಯಾವುದು ಅಂತ ಇವಕ್ಕ ಹೆಂಗ ತಿಳೀಬೇಕು?" ಎಂದು ಅವ್ವ ದೂರದಿಂದಲೇ ಇಣುಕಿದಳು.

"ಹೊಟ್ಟ್ಯಾಗಿದ್ದಾಗನ ಅವ್ವ ಹೇಳಿರತಾಳ್ರಿ ಅತ್ತಿ," ಎಂದರು ವೈನಿ.

ಮರುದಿನ ಚಹಾ ಕುಡಿದು ಅವ್ವ ಹಳೆಯ ರೂಢಿಯಂತೆ ಕೌದಿ ಎತ್ತಿಕೊಂಡು ಬಂದಳು. ಪಂಜರದ ಮುಂದೆ ನಿಂತಳು. ಕಿಟಕಿಯಲ್ಲಿ ಬಿಸಿಲಿತ್ತು. ಕೌದಿಯನ್ನು ನೆಲಕ್ಕೆ ಹಾಸಿ ಒಂದು ಅಂಚಿಗೆ ಸರಿದು ಕೂತಳು.

"ಇನ್ನೂ ಬೆಳಕೈತಿ," ಎಂದಳು, ವೈನಿಯತ್ತ ನೋಡದೆ. "ಬಾ, ಕೂಡು."